ಹೊರೆ ಮೊದಲು, ಮೋಟಾರು ಆಮೇಲೆ: ವಸಂತ್ ಕುಂಜ್‌ನ ಕಟ್ಟಡಗಳ ಮೋಟಾರುಗಳ ಮೇಲೊಂದು ಟಿಪ್ಪಣಿ

ಇಂಜಿನಿಯರಿಂಗ್ ಪಠ್ಯಗಳಲ್ಲಿ ವಿದ್ಯುತ್ ಮೋಟಾರಿನ ಅಧ್ಯಾಯ ಮೋಟಾರಿನಿಂದಲೇ ಶುರುವಾಗುತ್ತದೆ. ಸ್ಟೇಟರ್, ರೋಟರ್, ಸುತ್ತುವ ಕಾಂತಕ್ಷೇತ್ರ, ಸ್ಲಿಪ್ ಎಲ್ಲ ಮುಗಿದ ಮೇಲೆ ಕೊನೆಯ ಪುಟಗಳಲ್ಲಿ ಹೊರೆಯ ಮಾತು ಬರುತ್ತದೆ. ಅಷ್ಟು ಹೊತ್ತಿಗೆ ಪರೀಕ್ಷೆಯೂ ಹತ್ತಿರ ಬಂದಿರುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಅದೇ ಅಭ್ಯಾಸ ಮುಂದುವರಿಯುತ್ತದೆ. ಮಂಡ್ಯದ ರೈತನಿರಲಿ, ದೆಹಲಿಯ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಿರಲಿ, ಡ್ರೈವ್ ಮಾರಲು ಬಂದ ಇಂಜಿನಿಯರನೇ ಇರಲಿ, ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ?’ ಎಂಬುದೇ. ಎಚ್‌ಪಿ ಕೊನೆಯಲ್ಲಿ ಬರಬೇಕಾದ ಸಂಖ್ಯೆ ಎಂಬುದು ಈ ಟಿಪ್ಪಣಿಯ ವಾದ. ಯಾವ ವೇಗದಲ್ಲಿ ಹೊರೆ ಎಷ್ಟು ಟಾರ್ಕ್ ಕೇಳುತ್ತದೆ ಎಂಬ ಗೆರೆಯನ್ನು ಮೊದಲು ಎಳೆಯದೆ ಮೋಟಾರನ್ನಾಗಲಿ, ಅದರ ವೇಗ ನಿಯಂತ್ರಿಸುವ ಡ್ರೈವನ್ನಾಗಲಿ ಆರಿಸಿದರೆ, ಲೆಕ್ಕ ಪುಸ್ತಕದಲ್ಲಿ ಸರಿಯಾಗಿ ಬಂದು ಕಟ್ಟಡದಲ್ಲಿ ತಪ್ಪಾಗುತ್ತದೆ.

ಇದನ್ನು ನೋಡಲು ಕಾರ್ಖಾನೆಗೆ ಹೋಗಬೇಕಾಗಿಲ್ಲ. ದೆಹಲಿಯ ನೈಋತ್ಯ ಅಂಚಿನಲ್ಲಿ, ಅರಾವಳಿಯ ಕಲ್ಲುದಿಣ್ಣೆಯ ಮೇಲೆ, ಮೆಹರೌಲಿಗೂ ಮಹಿಪಾಲ್‌ಪುರಕ್ಕೂ ನಡುವೆ ಹರಡಿರುವ ವಸಂತ್ ಕುಂಜ್ ಸಾಕು. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1980ರ ದಶಕದಿಂದ ಇಲ್ಲಿ ಕಟ್ಟಿದ ಫ್ಲಾಟುಗಳು ಎ, ಬಿ, ಸಿ, ಡಿ ಎಂಬ ಸೆಕ್ಟರುಗಳಲ್ಲಿ, ಅವುಗಳೊಳಗಿನ ‘ಪಾಕೆಟ್’ಗಳಲ್ಲಿ ಹಂಚಿಹೋಗಿವೆ. ಬಹುಪಾಲು ಮೂರು-ನಾಲ್ಕು ಅಂತಸ್ತಿನ ಕಟ್ಟಡಗಳು. ಕಟ್ಟಿದಾಗ ಇವುಗಳಿಗೆ ಲಿಫ್ಟ್ ಇರಲಿಲ್ಲ. ನಲ್ಲಿ ನೀರು ದಿನದ ಕೆಲವೇ ಹೊತ್ತು ಬರುತ್ತದೆ. ದಿಣ್ಣೆಯ ಕಲ್ಲಿನಡಿಯ ಅಂತರ್ಜಲದ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ದಕ್ಷಿಣ ಮತ್ತು ನೈಋತ್ಯ ದೆಹಲಿಯಲ್ಲಿ ಕೊಳವೆಬಾವಿ ಕೊರೆಯುವುದಕ್ಕೆ ಕೇಂದ್ರ ಅಂತರ್ಜಲ ಪ್ರಾಧಿಕಾರ 2000ದಲ್ಲೇ ಕಡಿವಾಣ ಹಾಕಿತು. ಹಾಗಾಗಿ ಸಂಪು, ತಾರಸಿಯ ಮೇಲೆ ಕಪ್ಪು ಟ್ಯಾಂಕು, ನಡುವೆ ಒಂದು ಪಂಪು ಎಂಬ ಏರ್ಪಾಡು ಇಲ್ಲಿ ಸಾಮಾನ್ಯ. ಈಚಿನ ವರ್ಷಗಳಲ್ಲಿ, ಮೆಟ್ಟಿಲು ಹತ್ತಲಾಗದ ಹಿರಿಯರಿಗಾಗಿ ಹೊರಗೋಡೆಗೆ ಆನಿಸಿ ಉಕ್ಕು-ಗಾಜಿನ ಗೂಡು ನಿಲ್ಲಿಸಿ ಲಿಫ್ಟ್ ಸೇರಿಸುವುದೂ ಶುರುವಾಗಿದೆ. ನೆಲ್ಸನ್ ಮಂಡೇಲಾ ಮಾರ್ಗದ ಮಾಲ್‌ಗಳಲ್ಲಿ ಎಸ್ಕಲೇಟರುಗಳಿವೆ. ಹೀಗೆ ಒಂದೇ ಬಡಾವಣೆಯಲ್ಲಿ ಹೊರೆಯ ಮುಖ್ಯ ಜಾತಿಗಳೆಲ್ಲ ಸಿಗುತ್ತವೆ.

ಮೊದಲು ಪಂಪು. ದೆಹಲಿಯ ಪ್ಲಂಬರುಗಳ ಬಾಯಲ್ಲಿ ಸಣ್ಣ ಪಂಪೆಲ್ಲ ‘ಟುಲ್ಲೂ’. (ಜಲ ಮಂಡಳಿಯ ಕೊಳವೆಗೇ ನೇರವಾಗಿ ಇದನ್ನು ಕಟ್ಟಿ ನೀರೆಳೆಯುವುದು ನಿಷಿದ್ಧ. ನಿಷಿದ್ಧವೆಂದು ಯಾರೂ ಬಿಟ್ಟಿಲ್ಲ ಎಂಬುದು ಬೇರೆ ಮಾತು.) ಸಂಪಿನಿಂದ ತಾರಸಿಗೆ ನೀರೇರಿಸುವ ಅರ್ಧ ಎಚ್‌ಪಿ ಮಾನೊಬ್ಲಾಕ್ ಪಂಪಿನ ನಾಮಫಲಕವನ್ನು ಬಟ್ಟೆಯಿಂದ ಒರೆಸಿ ಓದಿದರೆ ಸಾಮಾನ್ಯವಾಗಿ ಇಷ್ಟು ಸಿಗುತ್ತದೆ: 0.37 ಕಿಲೋವ್ಯಾಟ್, 230 ವೋಲ್ಟ್, 50 ಹರ್ಟ್ಸ್, ಸಿಂಗಲ್ ಫೇಸ್, 2880 ಆರ್‌ಪಿಎಂ, ಒಂದು ಕೆಪ್ಯಾಸಿಟರಿನ ಅಳತೆ, ಮತ್ತು ಹೆಡ್ಡಿನ, ಅಂದರೆ ಪಂಪು ನೀರನ್ನು ಏರಿಸಬಲ್ಲ ಎತ್ತರದ, ಎರಡು ಅಂಕೆ. ಹೆಚ್ಚಿನವರು ಮೊದಲ ಅಂಕೆಯನ್ನು ಓದಿ ನಿಲ್ಲುತ್ತಾರೆ, ಕತೆಯೆಲ್ಲ ಉಳಿದವುಗಳಲ್ಲಿದೆ.

ಎರಡು ಧ್ರುವಗಳ ಮೋಟಾರಿಗೆ 50 ಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ರೋಟರ್ 2880ರಲ್ಲಿ ತಿರುಗುವುದರಿಂದ ಸ್ಲಿಪ್ ಶೇ. 4. 370 ವ್ಯಾಟನ್ನು ಕೋನವೇಗದಿಂದ ಭಾಗಿಸಿದರೆ ಟಾರ್ಕ್ ಸುಮಾರು 1.2 ನ್ಯೂಟನ್-ಮೀಟರ್. ಈ ಅಂಕೆಯನ್ನು ನೆನಪಿನಲ್ಲಿಡಬೇಕು, ಲಿಫ್ಟಿನ ಹತ್ತಿರ ಬಂದಾಗ ಬೇಕಾಗುತ್ತದೆ. ಕೆಪ್ಯಾಸಿಟರ್ ಏಕೆ? ಒಂದೇ ಫೇಸಿನಿಂದ ಸುತ್ತುವ ಕ್ಷೇತ್ರ ಹುಟ್ಟುವುದಿಲ್ಲ, ಹಿಂದಕ್ಕೂ ಮುಂದಕ್ಕೂ ಮಿಡಿಯುವ ಕ್ಷೇತ್ರವಷ್ಟೇ ಹುಟ್ಟುತ್ತದೆ. ಎರಡನೇ ಸುರುಳಿಯ ಕರೆಂಟನ್ನು ಕೆಪ್ಯಾಸಿಟರ್ ಮುಂದಕ್ಕೆ ಸರಿಸಿ, ಎರಡನೇ ಫೇಸಿನ ಕೆಲಸವನ್ನು ಅರೆಬರೆಯಾಗಿ ಮಾಡಿಕೊಡುತ್ತದೆ. ಹೀಗೆ ಹುಟ್ಟುವ ಆರಂಭದ ಟಾರ್ಕ್ ಕಡಿಮೆಯೇ. ಆದರೂ ಪಂಪಿಗೆ ಅದು ಸಾಕು, ಏಕೆಂದರೆ ನಿಂತ ನೀರಿನಲ್ಲಿ ನಿಂತ ಇಂಪೆಲರ್ ಮೊದಲ ಸುತ್ತಿಗೆ ಕೇಳುವ ಟಾರ್ಕ್ ಅತ್ಯಲ್ಪ. ಬೇಸಿಗೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿಯಿತೆನ್ನಿ. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ್ದರಿಂದ ಮೋಟಾರಿನ ಟಾರ್ಕ್ ಶೇ. 61ಕ್ಕೆ ಕುಸಿಯುತ್ತದೆ, ಆದರೂ ಪಂಪು ಹೇಗೋ ಹೊರಡುತ್ತದೆ. ಇದೇ ಮೋಟಾರನ್ನು ಕನ್ವೇಯರಿಗೋ ಕಂಪ್ರೆಸರಿಗೋ ಕಟ್ಟಿದ್ದರೆ ಗುಂಯ್‌ಗುಟ್ಟುತ್ತಾ ನಿಂತು ಸುಟ್ಟುಹೋಗುತ್ತಿತ್ತು. ಮೋಟಾರು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆ ಇಲ್ಲಿಲ್ಲ, ಹೊರೆಗೆ ಹೊಂದಿತೋ ಇಲ್ಲವೋ ಎಂಬುದಷ್ಟೇ.

ಈಗ ಈ ಟಿಪ್ಪಣಿ ಬರೆಯಲು ಮುಖ್ಯ ಕಾರಣವಾದ ಅಂಶ. ಡ್ರೈವ್ ಮಾರುವವರು ಹೋದಲ್ಲೆಲ್ಲ ಒಂದು ನಿಯಮ ಹೇಳುತ್ತಾರೆ: ಪಂಪಿನ ಹರಿವು ವೇಗಕ್ಕೆ, ಹೆಡ್ಡು ವೇಗದ ವರ್ಗಕ್ಕೆ, ಶಕ್ತಿ ವೇಗದ ಘನಕ್ಕೆ ಅನುಗುಣ; ಆದ್ದರಿಂದ ವಿಎಫ್‌ಡಿ (ಆವರ್ತನ ಬದಲಿಸಿ ವೇಗ ನಿಯಂತ್ರಿಸುವ ಡ್ರೈವ್) ಹಾಕಿ ವೇಗವನ್ನು ಶೇ. 20 ಇಳಿಸಿದರೆ ಕರೆಂಟು ಅರ್ಧ ಉಳಿಯುತ್ತದೆ. ನಿಯಮ ಸರಿಯೇ. 0.8ರ ಘನ 0.51. ಆದರೆ ಅದು ಪಂಪಿನ ನಿಯಮ, ಕಟ್ಟಡದ್ದಲ್ಲ. ನಾಲ್ಕು ಅಂತಸ್ತಿನ ಕಟ್ಟಡವೊಂದರಲ್ಲಿ ಸಂಪಿನ ನೀರಿನ ಮಟ್ಟದಿಂದ ತಾರಸಿ ಟ್ಯಾಂಕಿನ ಬಾಯಿಯವರೆಗೆ 16 ಮೀಟರ್ ಎತ್ತರವೆಂದು ಹಿಡಿಯೋಣ. ಕವಾಟ ಮುಚ್ಚಿದಾಗ ಪಂಪು ಕೊಡುವ ಗರಿಷ್ಠ ಹೆಡ್ಡು 25 ಮೀಟರ್ ಇರಲಿ. ವೇಗವನ್ನು 0.8ಕ್ಕೆ ಇಳಿಸಿದರೆ ಗರಿಷ್ಠ ಹೆಡ್ಡು 25 ಗುಣಿಸು 0.64, ಅಂದರೆ ಸರಿಯಾಗಿ 16 ಮೀಟರ್. ನೀರು ಪೈಪಿನ ತುದಿಯವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಟ್ಯಾಂಕಿಗೆ ಒಂದು ಹನಿಯೂ ಬೀಳುವುದಿಲ್ಲ. 40 ಹರ್ಟ್ಸ್‌ನಲ್ಲಿ ಮೋಟಾರು ತಿರುಗುತ್ತಲೇ ಇರುತ್ತದೆ, ಒಳಗೆ ಕಟ್ಟಿಕೊಂಡ ನೀರು ಬಿಸಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಸೀಲು ಹಾಳಾಗುತ್ತದೆ. ಉಳಿತಾಯವೇನೋ ಆಯಿತು, ನೀರು ಮಾತ್ರ ಬರಲಿಲ್ಲ.

ನಡುವಿನ ಸ್ಥಿತಿಯೂ ಅಷ್ಟೇನೂ ಹಿತವಲ್ಲ. ವೇಗವನ್ನು ಶೇ. 10 ಮಾತ್ರ ಇಳಿಸಿ 45 ಹರ್ಟ್ಸ್ ಇಟ್ಟರೆ ಗರಿಷ್ಠ ಹೆಡ್ಡು 20.25 ಮೀಟರ್. ಎತ್ತರದ 16 ಕಳೆದರೆ ಹರಿವಿಗೆ ಉಳಿಯುವುದು 4.25, ಪೂರ್ಣ ವೇಗದಲ್ಲಿ ಉಳಿಯುತ್ತಿದ್ದುದು 9. ಪೈಪಿನ ಘರ್ಷಣೆಯೂ ಪಂಪಿನೊಳಗಿನ ನಷ್ಟವೂ ಹರಿವಿನ ವರ್ಗದಂತೆ ಏರುತ್ತವೆಂದುಕೊಂಡರೆ ಹರಿವು 4.25/9ರ ವರ್ಗಮೂಲ, ಅಂದರೆ ಶೇ. 69. ವೇಗ ಹತ್ತನೇ ಒಂದು ಭಾಗ ಇಳಿದರೆ ಹರಿವು ಮೂರನೇ ಒಂದರಷ್ಟು ಹೋಯಿತು, ಟ್ಯಾಂಕು ತುಂಬಲು ಹಿಡಿಯುವ ಹೊತ್ತು ಶೇ. 45ರಷ್ಟು ಬೆಳೆಯಿತು. ಕೊನೆಗೆ ಲೀಟರಿಗೆ ಬೀಳುವ ಕರೆಂಟಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯವಿಲ್ಲ. ಜೊತೆಗೆ, ಕೆಪ್ಯಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರಿಗೆ ಸಾಮಾನ್ಯ ವಿಎಫ್‌ಡಿ ಕಟ್ಟುವಂತೆಯೇ ಇಲ್ಲ. ಆವರ್ತನ ಬದಲಾದರೆ ಕೆಪ್ಯಾಸಿಟರಿನ ಲೆಕ್ಕವೇ ತಪ್ಪುತ್ತದೆ, ಡ್ರೈವಿನ ಕತ್ತರಿಸಿದ ಅಲೆಯಿಂದ ಅದು ಕಾದು ಕೆಡುತ್ತದೆ.

ಬೆಂಗಳೂರಿನ ಓದುಗರಿಗೆ ಇದು ದೂರದ ಮಾತಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತದಲ್ಲಿ ಸುಮಾರು 500 ಮೀಟರ್ ಮೇಲೇರಿ ನಗರ ಸೇರುತ್ತದೆ. ಒಂದು ಸಾವಿರ ಲೀಟರನ್ನು 500 ಮೀಟರ್ ಎತ್ತಲು, ಯಾವ ನಷ್ಟವೂ ಇಲ್ಲವೆಂದರೂ, 1.36 ಯೂನಿಟ್ ಬೇಕು. ಯಾವ ಡ್ರೈವೂ ಇದನ್ನು ಇಳಿಸಲಾರದು, ಗುರುತ್ವದ ಜೊತೆ ಚೌಕಾಸಿ ನಡೆಯುವುದಿಲ್ಲ. ವಸಂತ್ ಕುಂಜ್‌ನ 16 ಮೀಟರಿಗೆ ಅದೇ ಲೆಕ್ಕದಲ್ಲಿ 0.044 ಯೂನಿಟ್. ಆದರೆ ಸಣ್ಣ ಪಂಪು-ಮೋಟಾರುಗಳ ಒಟ್ಟು ದಕ್ಷತೆ ಶೇ. 25ರಷ್ಟೇ ಎಂದು ಹಿಡಿದರೆ ನಿಜವಾಗಿ ಸುಡುವುದು 0.17ರಷ್ಟು. ಉಳಿತಾಯಕ್ಕೆ ಜಾಗವಿರುವುದು ಈ ಅಂತರದಲ್ಲಿ, ಅದರ ದಾರಿಯೂ ಬೇರೆ. ಪಂಪಿನ ದಕ್ಷತೆಯ ಶಿಖರ 16 ಮೀಟರಿನ ಆಸುಪಾಸಿನಲ್ಲೇ ಬೀಳುವಂತೆ ಆರಿಸಬೇಕು. ಪೈಪನ್ನೂ ನೋಡಬೇಕು. ಒಂದೇ ಹರಿವಿಗೆ ಘರ್ಷಣೆಯ ನಷ್ಟ ಪೈಪಿನ ವ್ಯಾಸದ ಐದನೇ ಘಾತಕ್ಕೆ ವಿಲೋಮ. ದುಡ್ಡುಳಿಸಲು ಪ್ಲಂಬರ್ ಒಂದಿಂಚಿನ ಪೈಪನ್ನು ಮುಕ್ಕಾಲಿಂಚಿಗೆ ಇಳಿಸಿದರೆ ನಷ್ಟ ನಾಲ್ಕು ಪಟ್ಟಿಗೂ ಹೆಚ್ಚು. ಉಳಿದದ್ದಕ್ಕೆ ಟ್ಯಾಂಕಿನಲ್ಲೊಂದು, ಸಂಪಿನಲ್ಲೊಂದು ಫ್ಲೋಟ್ ಸ್ವಿಚ್, ನಡುವೆ ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ ಸಾಕು. ನೀರಿದ್ದರೆ ಓಡು, ತುಂಬಿದರೆ ನಿಲ್ಲು, ಸಂಪು ಬರಿದಾದರೆ ಹೊರಡಬೇಡ. ಈ ಹೊರೆಗೆ ಇದಕ್ಕಿಂತ ಜಾಣ ನಿಯಂತ್ರಣ ಬೇಕಿಲ್ಲ.

ಹಾಗಾದರೆ ಘನದ ನಿಯಮ ಎಲ್ಲಿ ಪೂರ್ತಿ ನಡೆಯುತ್ತದೆ? ಅದೇ ಫ್ಲಾಟಿನ ಸೂರಿನಲ್ಲಿ. ಫ್ಯಾನಿಗೆ ಏರಿಸಬೇಕಾದ ಎತ್ತರವೇ ಇಲ್ಲ, ಗಾಳಿಯನ್ನು ಇಲ್ಲಿಂದ ಅಲ್ಲಿಗೆ ತಳ್ಳಿದರೆ ಆಯಿತು. ಹಳೆಯ ಇಂಡಕ್ಷನ್ ಫ್ಯಾನು ಪೂರ್ಣ ವೇಗದಲ್ಲಿ 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನು ಸುಮಾರು 30ರಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ರೋಟರಿನಲ್ಲಿ ಶಾಶ್ವತ ಕಾಂತ ಇರುವುದರಿಂದ ಅಲ್ಲಿ ಕರೆಂಟು ಹರಿದು ಕಾಯುವ ಪ್ರಮೇಯವಿಲ್ಲ. ಕೆಳಗಿನ ವೇಗಗಳಲ್ಲಿ ಅಂತರ ಇನ್ನೂ ಹೆಚ್ಚು: 350 ಸುತ್ತಿನಿಂದ 150ಕ್ಕೆ ಇಳಿದಾಗ ಗಾಳಿಗೆ ಬೇಕಾದ ಶಕ್ತಿ ಸುಮಾರು ಹದಿಮೂರನೇ ಒಂದು ಭಾಗಕ್ಕೆ ಬರುತ್ತದೆ, ಉಳಿದಂತೆ ಒಳಗಿನ ಎಲೆಕ್ಟ್ರಾನಿಕ್ಸ್ ತಿನ್ನುವ ಒಂದೆರಡು ವ್ಯಾಟ್ ಅಷ್ಟೇ. ಮಾರಾಟಗಾರನ ನಿಯಮ ಪಂಪಿನಲ್ಲಿ ಸೋತು ಫ್ಯಾನಿನಲ್ಲಿ ಗೆದ್ದದ್ದು ಮೋಟಾರಿನ ಜಾತಿಯಿಂದಲ್ಲ, ಹೊರೆಯ ಗೆರೆಯಿಂದ.

ಎಸ್ಕಲೇಟರ್ ಮೂರನೇ ಜಾತಿ. ಬರಿದಾಗಿ ಓಡುವಾಗ ಹೊರೆಯೆಂದರೆ ಸರಪಳಿ-ಉರುಳೆಗಳ ಘರ್ಷಣೆ, ವೇಗ ಎಷ್ಟಿದ್ದರೂ ಅದರ ಟಾರ್ಕ್ ಹೆಚ್ಚುಕಡಿಮೆ ಒಂದೇ. ಜನರಿಲ್ಲದಾಗ ಅರ್ಧ ವೇಗಕ್ಕೆ ಇಳಿಸಿದರೆ ಶಕ್ತಿ ಅರ್ಧವಾಗುತ್ತದೆ, ಎಂಟನೇ ಒಂದಾಗುವುದಿಲ್ಲ.

ಲಿಫ್ಟಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಹೊರಗೋಡೆಗೆ ಸೇರಿಸಿದ ಆರು ಜನರ ಲಿಫ್ಟನ್ನೇ ತೆಗೆದುಕೊಳ್ಳೋಣ. ನಮ್ಮ ಮಾನಕಗಳ ರೂಢಿಯಲ್ಲಿ ತಲೆಗೆ 68 ಕಿಲೋ, ಒಟ್ಟು 408. ಕಾರಿನ (ಜನ ನಿಲ್ಲುವ ಪೆಟ್ಟಿಗೆಯ) ತೂಕಕ್ಕೆ ಪೂರ್ಣ ಹೊರೆಯ ಅರ್ಧ ಸೇರಿಸಿ ಕೌಂಟರ್‌ವೇಟ್ ಇಟ್ಟರೆ, ಪೂರ್ಣ ತುಂಬಿದಾಗಲೂ ಪೂರ್ಣ ಖಾಲಿಯಾದಾಗಲೂ ಮೋಟಾರು ಹೊರಬೇಕಾದ ಅಸಮತೂಕ 204 ಕಿಲೋ, ಅಂದರೆ ಸುಮಾರು 2000 ನ್ಯೂಟನ್. ಸೆಕೆಂಡಿಗೆ 0.6 ಮೀಟರ್ ವೇಗಕ್ಕೆ 1.2 ಕಿಲೋವ್ಯಾಟ್. ಕೇಳಿದರೆ ‘ಇಷ್ಟೇನಾ’ ಅನಿಸುವಷ್ಟು ಸಣ್ಣದು. ಆದರೆ ಗೇರಿಲ್ಲದ ಯಂತ್ರದಲ್ಲಿ ಹಗ್ಗವನ್ನು ಎರಡು ಮಡಿಕೆಯಾಗಿ ಹಾಯಿಸಿ 240 ಮಿಲಿಮೀಟರ್ ವ್ಯಾಸದ ಚಕ್ರದ ಮೇಲೆ ಸುತ್ತಿದರೆ ಚಕ್ರ ನಿಮಿಷಕ್ಕೆ ಬರೀ 95 ಸುತ್ತು ತಿರುಗುತ್ತದೆ, ಕೇಳುವ ಟಾರ್ಕ್ 120 ನ್ಯೂಟನ್-ಮೀಟರ್. ಪಂಪಿನದು 1.2 ಇತ್ತು. ಶಕ್ತಿ ಮೂರು ಪಟ್ಟಷ್ಟೇ, ಟಾರ್ಕ್ ನೂರು ಪಟ್ಟು. ಮೋಟಾರಿನ ಗಾತ್ರವನ್ನೂ ತಾಮ್ರ-ಕಬ್ಬಿಣದ ತೂಕವನ್ನೂ ನಿರ್ಧರಿಸುವುದು ಟಾರ್ಕ್. ಪಂಪನ್ನು ಒಂದು ಕೈಯಲ್ಲಿ ಎತ್ತಿಕೊಂಡು ಹೋಗಬಹುದು, ಲಿಫ್ಟಿನ ಯಂತ್ರವನ್ನು ಮೇಲೇರಿಸಲು ಚೈನ್ ಪುಲ್ಲಿ ಬೇಕು. ಎಚ್‌ಪಿಯನ್ನಷ್ಟೇ ಹಿಡಿದು ಕೂತವರಿಗೆ ಈ ವ್ಯತ್ಯಾಸ ಅರ್ಥವಾಗುವುದೇ ಇಲ್ಲ.

ಎರಡನೆಯ ವಿಶೇಷ: ಈ ಹೊರೆ ನಿಂತಾಗಲೂ ಎಳೆಯುತ್ತದೆ. ಬ್ರೇಕು ಬಿಟ್ಟ ಕ್ಷಣದಲ್ಲಿ, ವೇಗ ಸೊನ್ನೆಯಿರುವಾಗಲೇ, ಮೋಟಾರು ಪೂರ್ತಿ 120 ನ್ಯೂಟನ್-ಮೀಟರ್ ಕೊಟ್ಟು ಹಿಡಿದಿರಬೇಕು. ಇಲ್ಲದಿದ್ದರೆ ಕಾರು ಒಂದು ಗೇಣು ಹಿಂದಕ್ಕೆ ಜಾರಿ ಆಮೇಲೆ ಹೊರಡುತ್ತದೆ, ಒಳಗಿರುವ ಅಜ್ಜಿಯ ಎದೆ ಧಸಕ್ಕೆನ್ನುತ್ತದೆ. ವೋಲ್ಟೇಜನ್ನೂ ಆವರ್ತನವನ್ನೂ ಒಂದೇ ಅನುಪಾತದಲ್ಲಿ ಏರಿಳಿಸುವ ಸರಳ ಡ್ರೈವಿಗೆ ಇದು ಸಾಧ್ಯವಾಗದು. ಹಿಂದೆ 1891ರ ವಾರ್ಡ್ ಲಿಯೊನಾರ್ಡ್ ವ್ಯವಸ್ಥೆ, ಮೋಟಾರು-ಜನರೇಟರು-ಮೋಟಾರು ಎಂದು ಮೂರು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ಇದನ್ನು ಸಾಧಿಸುತ್ತಿತ್ತು. ಎಸಿ ಮೋಟಾರಿನ ಕರೆಂಟನ್ನು ಕಾಂತ ಹುಟ್ಟಿಸುವ ಭಾಗ, ಟಾರ್ಕ್ ಹುಟ್ಟಿಸುವ ಭಾಗ ಎಂದು ಬಿಡಿಸಿ ಬೇರೆಬೇರೆಯಾಗಿ ನಿಯಂತ್ರಿಸುವ ವೆಕ್ಟರ್ ವಿಧಾನವನ್ನು 1970ರ ಆಸುಪಾಸಿನಲ್ಲಿ ಜರ್ಮನಿಯ ಹಾಸ್ಸೆ ಮತ್ತು ಬ್ಲಾಷ್ಕೆ ರೂಪಿಸಿದ ಮೇಲೆ ಆ ಸಾಲು ಒಂದು ಪೆಟ್ಟಿಗೆಯೊಳಗೆ ಅಡಗುವ ದಾರಿ ತೆರೆಯಿತು. ಈ ಬಿಡಿಸುವಿಕೆಗೆ ರೋಟರ್ ಈ ಕ್ಷಣ ಎಲ್ಲಿದೆ ಎಂದು ಗೊತ್ತಿರಬೇಕು, ಅದಕ್ಕೇ ಮೋಟಾರಿನ ಹಿಂಬದಿಯಲ್ಲಿ ಎನ್‌ಕೋಡರ್. 2048 ಗೆರೆಗಳ ಎನ್‌ಕೋಡರಿನ ಪ್ರತಿ ಗೆರೆಯನ್ನು ನಾಲ್ಕಾಗಿ ಎಣಿಸಿದರೆ ಕಾರಿನ ಸ್ಥಾನ 0.05 ಮಿಲಿಮೀಟರ್‌ವರೆಗೆ ತಿಳಿಯುತ್ತದೆ. ಆದರೂ ಬಾಗಿಲಿನ ಬಳಿ ಕಾರು ಹಲವು ಮಿಲಿಮೀಟರ್ ಮೇಲೆ-ಕೆಳಗೆ ನಿಲ್ಲುವುದುಂಟು. ತಪ್ಪು ಎನ್‌ಕೋಡರಿನದಲ್ಲ, ಹೊರೆ ಬದಲಾದಂತೆ ಹಗ್ಗ ಹಿಗ್ಗುತ್ತದೆ. ಆದ್ದರಿಂದಲೇ ಪ್ರತಿ ಅಂತಸ್ತಿನಲ್ಲೂ ಬೇರೆ ಸೆನ್ಸರ್ ಬೇಕು.

ಮೋಟಾರಿಗೆ 1.2 ಕಿಲೋವ್ಯಾಟ್ ಸಾಕೆಂದದ್ದು ಸಮವೇಗಕ್ಕೆ. ಹೊರಡುವಾಗ ಕಾರು, ಕೌಂಟರ್‌ವೇಟ್, ಜನ ಎಲ್ಲರಿಗೂ ವೇಗ ಕೊಡಬೇಕು. ಕಾರು 500 ಕಿಲೋ ಎಂದು ಹಿಡಿದರೆ ಚಲಿಸುವ ಒಟ್ಟು ರಾಶಿ ಸುಮಾರು 1600 ಕಿಲೋ. ಸೆಕೆಂಡಿನ ವರ್ಗಕ್ಕೆ ಅರ್ಧ ಮೀಟರ್ ವೇಗೋತ್ಕರ್ಷಕ್ಕೆ ಇನ್ನೂ 800 ನ್ಯೂಟನ್ ಬೇಕು, ಅಂದರೆ ಶೇ. 40 ಹೆಚ್ಚು. ಲಿಫ್ಟ್ ಡ್ರೈವುಗಳಿಗೆ ಒಂದು ನಿಮಿಷ ಶೇ. 150 ಹೊರೆ ತಾಳುವ ಸಾಮರ್ಥ್ಯ ಕೊಡುವುದು ಇದಕ್ಕಾಗಿ. ಸಂಘದ ಸಭೆಗಳಲ್ಲಿ ‘ಸ್ವಲ್ಪ ಫಾಸ್ಟ್ ಲಿಫ್ಟೇ ಹಾಕಿಸೋಣ’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೂ ಲೆಕ್ಕ ಹೇಳಬಹುದು. ಜರ್ಕನ್ನು (ವೇಗೋತ್ಕರ್ಷ ಬದಲಾಗುವ ದರವನ್ನು) ಸೆಕೆಂಡಿನ ಘನಕ್ಕೆ 1 ಮೀಟರ್‌ನಂತೆ ಮಿತಿಯಲ್ಲಿಟ್ಟು ಎಸ್ ಆಕಾರದಲ್ಲಿ ವೇಗ ಏರಿಸಿದರೆ 0.6 ಮೀಟರ್ ವೇಗ ಮುಟ್ಟಲು 1.7 ಸೆಕೆಂಡ್, 1 ಮೀಟರ್ ವೇಗಕ್ಕೆ 2.5 ಸೆಕೆಂಡ್. ಮೂರು ಮೀಟರಿನ ಒಂದು ಅಂತಸ್ತಿಗೆ ಮೊದಲನೆಯದು 6.7 ಸೆಕೆಂಡ್ ತೆಗೆದುಕೊಂಡರೆ ಎರಡನೆಯದು 5.5. ನೆಲಮಹಡಿಯಿಂದ ಮೂರನೇ ಅಂತಸ್ತಿಗೇ ಹೋದರೂ ಉಳಿಯುವುದು ಐದು ಸೆಕೆಂಡ್. ಬಾಗಿಲು ತೆರೆದು ಮುಚ್ಚುವುದಕ್ಕೇ ಅಷ್ಟು ಹೊತ್ತು ಹಿಡಿಯುತ್ತದೆ. ಮೋಟಾರಿನ ಶಕ್ತಿ ಮಾತ್ರ 1.67 ಪಟ್ಟು ಆಗಬೇಕು, ಫ್ಲಾಟಿನ ಸಿಂಗಲ್ ಫೇಸ್ ಸಂಪರ್ಕದಲ್ಲಿ ಇದು ಸಣ್ಣ ವಿಷಯವಲ್ಲ. 230 ವೋಲ್ಟನ್ನು ಡ್ರೈವು 325 ವೋಲ್ಟಿನ ಡಿಸಿಯಾಗಿಸಿ ಅದರಿಂದ ಮೂರು ಫೇಸ್ ಹುಟ್ಟಿಸಿಕೊಳ್ಳುತ್ತದೆ. ಮೋಟಾರನ್ನೂ ಆ ವೋಲ್ಟೇಜಿಗೆ ಸುತ್ತಿದ್ದೇ ಆಗಿರಬೇಕು, 415 ವೋಲ್ಟಿನದನ್ನು ತಂದು ಕಟ್ಟಿದರೆ ಪೂರ್ಣ ವೇಗಕ್ಕೆ ಬರುವ ಮೊದಲೇ ವೋಲ್ಟೇಜು ಮುಗಿದಿರುತ್ತದೆ.

ಇನ್ನೊಂದು ಆಕರ್ಷಣೆ, ಬ್ರೇಕಿನ ಶಕ್ತಿಯನ್ನು ಲೈನಿಗೆ ಮರಳಿಸುವ ರಿಜನರೇಟಿವ್ ಡ್ರೈವ್. ಖಾಲಿ ಕಾರು ಮೇಲೇರುವಾಗಲೂ ತುಂಬಿದ ಕಾರು ಇಳಿಯುವಾಗಲೂ ಮೋಟಾರು ಜನರೇಟರಾಗುವುದು ನಿಜ. ದೆಹಲಿ ಮೆಟ್ರೋ ಇದೇ ತತ್ತ್ವದ ಬಲದ ಮೇಲೆ 2007ರಲ್ಲಿ ವಿಶ್ವಸಂಸ್ಥೆಯ ಕಾರ್ಬನ್ ಯೋಜನೆಯಲ್ಲಿ ನೋಂದಣಿ ಪಡೆಯಿತು. ಜನರೂ ಸೇರಿ 250 ಟನ್ ಎಂದು ಹಿಡಿದ ರೈಲು ಗಂಟೆಗೆ 80 ಕಿಲೋಮೀಟರ್ ವೇಗದಿಂದ ನಿಲ್ಲುವಾಗ ಬಿಡುವ ಚಲನಶಕ್ತಿ 17 ಯೂನಿಟ್. ಅದರಲ್ಲಿ ಒಂದು ಪಾಲು ಸಿಕ್ಕರೂ ಸಾಕು, ಮುಂದಿನ ನಿಲ್ದಾಣದಲ್ಲಿ ಮತ್ತೆ ಸಿಗುತ್ತದೆ. ನಮ್ಮ ಲಿಫ್ಟಿನಲ್ಲಿ 2000 ನ್ಯೂಟನ್ ಒಂಬತ್ತು ಮೀಟರ್ ಇಳಿದರೆ ಸಿಗುವುದು 0.005 ಯೂನಿಟ್. ಸಾವಿರ ಸಲ ಹತ್ತಿಳಿದರೆ ಐದು ಯೂನಿಟ್, ಅದೂ ಯಾವ ನಷ್ಟವೂ ಇಲ್ಲದಿದ್ದರೆ. ಇಲ್ಲಿ ಆ ಶಕ್ತಿಯನ್ನು ಬ್ರೇಕಿಂಗ್ ರೆಸಿಸ್ಟರಿನಲ್ಲಿ ಸುಟ್ಟು ಸುಮ್ಮನಿರುವುದೇ ಸರಿ.

ನಿಜವಾದ ಖರ್ಚು ಮೋಟಾರಿನಲ್ಲೇ ಇಲ್ಲ. ನಿಯಂತ್ರಕ ಪೆಟ್ಟಿಗೆ, ಕಾರಿನೊಳಗಿನ ದೀಪ, ಫ್ಯಾನು, ಅಂತಸ್ತಿನ ಡಿಸ್‌ಪ್ಲೇಗಳು ಸೇರಿ 40 ವ್ಯಾಟ್ ಸದಾ ಉರಿಯುತ್ತಿದ್ದರೆ ದಿನಕ್ಕೆ ಸುಮಾರು ಒಂದು ಯೂನಿಟ್. ಎಂಟು ಮನೆಗಳ ಕಟ್ಟಡದಲ್ಲಿ ಲಿಫ್ಟು ದಿನಕ್ಕೆ ಅರವತ್ತು ಸಲ ಓಡಿ, ಪ್ರತಿ ಸಲವೂ ಅತಿ ಭಾರವನ್ನೇ ಹೊತ್ತಿತೆಂದರೂ ಎತ್ತುವ ಕೆಲಸ 0.3 ಯೂನಿಟ್, ನಷ್ಟ ಸೇರಿಸಿ ಅರ್ಧದಾಸುಪಾಸು. ಟೆಂಡರಿನಲ್ಲಿ ರಿಜನರೇಟಿವ್ ಡ್ರೈವ್ ಎಂದು ಬರೆಯಿಸುವ ಬದಲು, ಐದು ನಿಮಿಷ ಯಾರೂ ಕರೆಯದಿದ್ದರೆ ದೀಪವನ್ನೂ ಫ್ಯಾನನ್ನೂ ಆರಿಸಿ ಡ್ರೈವನ್ನು ಮಲಗಿಸುವ ಟೈಮರ್ ಇರಬೇಕೆಂದು ಒಂದು ಸಾಲು ಬರೆಯಿಸಿದರೆ, ಈ ಹೊರೆಗೆ ಉಳಿಯುವುದು ಅದರಿಂದಲೇ ಹೆಚ್ಚು.